ಗೇಮ್ ಇನ್‌ಸ್ಟಾಲ್ ಆಗ್ತಿಲ್ವಾ? ಡಿಲೀಟ್ ಒತ್ತುವ ಮುಂಚೆ ಇದನ್ನು ನೋಡಿ

ಗೇಮಿಂಗ್ ಕನ್ಸೋಲಿನಲ್ಲಿ ಗೇಮ್ ಶೇಕಡಾ 99ಕ್ಕೆ ಬಂದು ಕೂತಿದೆ. ಅರ್ಧ ಗಂಟೆ ಆಯಿತು, ಅಲ್ಲಾಡುತ್ತಿಲ್ಲ. ಆಗ ಎಲ್ಲರ ಕೈಯೂ ಹೋಗುವುದು ಒಂದೇ ಕಡೆ: ಡಿಲೀಟ್ ಮಾಡು, ಮೊದಲಿಂದ ಹಾಕು. ನಾನೂ ಇದನ್ನೇ ಮಾಡಿದವನು. ಒಂದೇ ಗೇಮನ್ನು ಮೂರು ಸಲ ಇಳಿಸಿಕೊಂಡೆ. ಮೂರನೇ ಸಲವೂ ಕೆಟ್ಟಾಗಲೇ ಬುದ್ಧಿ ಬಂದಿದ್ದು, ಆ ಕಥೆ ಮುಂದೆ ಹೇಳುತ್ತೇನೆ. ಡಿಲೀಟ್ ಮಾಡುವುದು ಕೊನೆಯ ಉಪಾಯ, ಮೊದಲನೆಯದಲ್ಲ. ತಪ್ಪು ಇರುವುದು ಗೇಮಿನ ಫೈಲಿನಲ್ಲಿ ಕಡಿಮೆ. ನೆಟ್ಟಿನಲ್ಲೋ, ಜಾಗದಲ್ಲೋ, ಅಕೌಂಟಿನಲ್ಲೋ ಇರುವುದೇ ಜಾಸ್ತಿ. ಅದು ಹಾಗೇ ಉಳಿದರೆ ಎಷ್ಟು ಸಲ ಇಳಿಸಿದರೂ ಕಥೆ ಅಷ್ಟೇ.

ಪ್ಲೇಸ್ಟೇಷನ್ 5 (ಪಿಎಸ್5), ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್, ನಿಂಟೆಂಡೊ ಸ್ವಿಚ್ ಮತ್ತು ಸ್ವಿಚ್ 2 ಇವುಗಳನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಮೆನುವಿನ ಹೆಸರುಗಳು ಅಪ್‌ಡೇಟ್ ಬಂದಾಗ ಅಲ್ಪಸ್ವಲ್ಪ ಆಚೀಚೆ ಆಗುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ನೋಡಬೇಕಾದ್ದು: ಎಲ್ಲಿ ನಿಂತಿದೆ?

ನಾವು ಒತ್ತುವುದು ಒಂದೇ ಬಟನ್. ಒಳಗೆ ನಡೆಯುವುದು ನಾಲ್ಕು ಕೆಲಸ. ಒಂದು, ಸರ್ವರಿನಿಂದ ಡೇಟಾ ಇಳಿಯುವುದು. ಎರಡು, ಅದನ್ನು ಬಿಚ್ಚಿ ಸ್ಟೋರೇಜಿಗೆ ಬರೆಯುವುದು; ಡಿಸ್ಕ್ ಇದ್ದರೆ ಡಿಸ್ಕಿನಿಂದ ಕಾಪಿ ಮಾಡುವುದೂ ಇದರಲ್ಲೇ ಬಂತು. ಮೂರು, ಬಂದದ್ದು ಸರಿಯಾಗಿ ಬಂತಾ ಅಂತ ತಾಳೆ ನೋಡುವುದು. ನಾಲ್ಕು, ಈ ಗೇಮ್ ಆಡಲು ಈ ಅಕೌಂಟಿಗೆ ಲೈಸೆನ್ಸ್ ಇದೆಯಾ ಅಂತ ಕೇಳುವುದು. ಈ ನಾಲ್ಕರಲ್ಲಿ ಯಾವುದರಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ಡೌನ್‌ಲೋಡ್ ಪಟ್ಟಿ ತೆರೆದು ಶೇಕಡಾವಾರಿನ ಬದಲು ಜಿಬಿ ಲೆಕ್ಕ ನೋಡಿ. ಶೇಕಡಾವಾರು ಮೋಸ ಮಾಡುತ್ತದೆ, ಯಾಕೆಂದರೆ 100 ಜಿಬಿ ಗೇಮಿನಲ್ಲಿ ಒಂದು ಪರ್ಸೆಂಟ್ ಅಂದರೆ ಪೂರ್ತಿ 1 ಜಿಬಿ, ನೆಟ್ ನಿಧಾನ ಇದ್ದರೆ ಆ ಒಂದು ಅಂಕಿ ಬದಲಾಗಲು ಹತ್ತು ನಿಮಿಷ ಬೇಕಾಗಬಹುದು, ಅದನ್ನೇ ನಾವು "ನಿಂತುಹೋಯ್ತು" ಅಂದುಕೊಂಡು ಕ್ಯಾನ್ಸಲ್ ಒತ್ತಿಬಿಡುತ್ತೇವೆ. ಜಿಬಿ ಏರುತ್ತಿದ್ದರೆ ಸುಮ್ನೆ ಬಿಡಿ. ಜಿಬಿ ಪೂರ್ತಿ ಬಂದಿದೆ, ಆದರೆ "ಕಾಪಿಯಿಂಗ್" ಅಥವಾ "ಇನ್‌ಸ್ಟಾಲಿಂಗ್" ಅಂತ ತೋರಿಸುತ್ತಿದೆ ಅಂದರೆ ಎರಡನೇ ಹಂತ; ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ರೌಟರ್ ಆಫ್ ಮಾಡಿ ಆನ್ ಮಾಡಿ ಏನೂ ಪ್ರಯೋಜನವಿಲ್ಲ. ಎಲ್ಲ ಮುಗಿದು ಗೇಮಿನ ಚಿತ್ರದ ಮೇಲೆ ಬೀಗದ ಗುರುತು ಇದ್ದರೆ ಅದು ನಾಲ್ಕನೆಯದು.

ಹೊರಗಿನ ಡ್ರೈವಿಗೆ ಹಾಕುತ್ತಿದ್ದರೆ ಅದರ ಪುಟ್ಟ ದೀಪ ನೋಡಿ. ಮಿನುಗುತ್ತಿದ್ದರೆ ಕೆಲಸ ನಡೀತಿದೆ. ತಿರುಗುವ ಹಾರ್ಡ್ ಡಿಸ್ಕ್ ಆದರೆ ದೊಡ್ಡ ಅಪ್‌ಡೇಟಿನ ಕಾಪಿಗೆ ಬಹಳ ಹೊತ್ತು ಹಿಡಿಯುತ್ತದೆ, ಕೆಟ್ಟಿದೆ ಅಂತಲ್ಲ.

ಇನ್ನೊಂದು ಮಾತು. ಎರರ್ ಕೋಡ್ ಬಂದರೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಓಕೆ ಒತ್ತಿದ ಮೇಲೆ "ಏನೋ ಸಿಇ ಅಂತ ಇತ್ತು" ಅನ್ನುವವರಿಗೆ ಯಾರೂ ಸಹಾಯ ಮಾಡಲಾರರು.

ಇಳಿಯುತ್ತಲೇ ಇಲ್ಲ, ಅಥವಾ ಆಮೆ ವೇಗ

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ, ಯಾಕೆಂದರೆ ಅರ್ಧ ದೂರುಗಳು ಲೆಕ್ಕದ ತಪ್ಪು. ನೆಟ್ ಪ್ಲಾನ್ ಹೇಳುವುದು ಮೆಗಾಬಿಟ್ ಲೆಕ್ಕ. ಗೇಮಿನ ಗಾತ್ರ ಇರುವುದು ಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. 100 ಜಿಬಿ ಗೇಮ್ ಇಳಿಯಲು ಎಲ್ಲ ಸರಿ ಇದ್ದರೂ ಸುಮಾರು ಎರಡೂಕಾಲು ಗಂಟೆ. 40 ಎಂಬಿಪಿಎಸ್ ಆದರೆ ಐದೂವರೆ ಗಂಟೆ. ನಿಮ್ಮ ಲೆಕ್ಕ ಇದಕ್ಕೆ ಹತ್ತಿರ ಇದ್ದರೆ ದೋಷವೇ ಇಲ್ಲ, ಊಟ ಮಾಡಿ ಮಲಗಿ.

ಹತ್ತಿರ ಇಲ್ಲವಾ? ಹಾಗಾದರೆ ಮೊದಲು ಹಿನ್ನೆಲೆಯಲ್ಲಿ ಗೇಮ್ ಓಡುತ್ತಿದೆಯಾ ನೋಡಿ. ಎಕ್ಸ್‌ಬಾಕ್ಸಿನಲ್ಲಿ ಗೇಮ್ ತೆರೆದಿದ್ದರೆ ಡೌನ್‌ಲೋಡ್ ವೇಗ ಚೆನ್ನಾಗಿ ಕೆಳಗೆ ಬೀಳುತ್ತದೆ, ಆಟಕ್ಕೆ ತೊಂದರೆ ಆಗಬಾರದು ಅಂತ ಕನ್ಸೋಲೇ ಹಾಗೆ ಮಾಡುತ್ತದೆ. ಹೋಮ್ ಸ್ಕ್ರೀನಿಗೆ ಬಂದರೆ ಗೇಮ್ ನಿಂತಂತಲ್ಲ. ಡೌನ್‌ಲೋಡ್ ಪಟ್ಟಿಯಲ್ಲೇ ಗೇಮನ್ನು ಸಸ್ಪೆಂಡ್ ಮಾಡುವ ಬಟನ್ ಇದೆ, ಒತ್ತಿ, ಅಥವಾ ಪೂರ್ತಿ ಕ್ವಿಟ್ ಮಾಡಿ. ಸ್ವಿಚ್‌ನಲ್ಲಿ ಇನ್ನೂ ಕಟ್ಟುನಿಟ್ಟು: ಆನ್‌ಲೈನ್ ಆಟ ಆಡುತ್ತಿದ್ದರೆ ಡೌನ್‌ಲೋಡ್ ತಾತ್ಕಾಲಿಕವಾಗಿ ನಿಂತುಬಿಡುತ್ತದೆ. ಒಂದು ಕಡೆ ಆನ್‌ಲೈನ್ ರೇಸ್ ಆಡುತ್ತಾ ಇನ್ನೊಂದು ಕಡೆ ಡೌನ್‌ಲೋಡ್ ಯಾಕೆ ಆಗ್ತಿಲ್ಲ ಅಂತ ಬೈದುಕೊಂಡವರಲ್ಲಿ ನಾನೂ ಒಬ್ಬ.

ಆಮೇಲೆ ಡೌನ್‌ಲೋಡನ್ನು ಪಾಜ್ ಮಾಡಿ, ರಿಸ್ಯೂಮ್ ಮಾಡಿ. ಹೊಸದಾಗಿ ಸಂಪರ್ಕ ಹಿಡಿಯುವಾಗ ಕೆಲವೊಮ್ಮೆ ತಾನಾಗಿ ಸರಿಹೋಗುತ್ತದೆ. ಇಳಿದದ್ದು ಹೋಗುವುದಿಲ್ಲ, ಹೆದರಬೇಡಿ. ಅದಾದ ಮೇಲೆ ಕನ್ಸೋಲನ್ನು ಪೂರ್ತಿ ರೀಸ್ಟಾರ್ಟ್ ಮಾಡಿ. ಪೂರ್ತಿ ಅಂದರೆ ರೆಸ್ಟ್ ಮೋಡೂ ಅಲ್ಲ, ಸ್ಲೀಪೂ ಅಲ್ಲ. ತಿಂಗಳುಗಟ್ಟಲೆ ಬರೀ ಸ್ಲೀಪ್‌ನಲ್ಲೇ ಇಟ್ಟು "ದಿನಾ ಆಫ್ ಮಾಡ್ತೀನಿ" ಅನ್ನುವವರು ಬಹಳ ಜನ ಇದ್ದಾರೆ. ಎಕ್ಸ್‌ಬಾಕ್ಸಿನಲ್ಲಿ ಮುಂಭಾಗದ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಪೂರ್ತಿ ಆಫ್ ಆಗುತ್ತದೆ. ಸ್ವಿಚ್‌ನಲ್ಲಿ ಪವರ್ ಬಟನ್ ಒತ್ತಿ ಹಿಡಿದು ಪವರ್ ಆಪ್ಷನ್ಸ್‌ನಿಂದ ರೀಸ್ಟಾರ್ಟ್ ಕೊಡಿ.

ಇಷ್ಟಕ್ಕೂ ಬಗ್ಗದಿದ್ದರೆ ತಪ್ಪು ಕನ್ಸೋಲಿನದಾ, ರೌಟರಿನದಾ, ಆಚೆಯದಾ ಅಂತ ಬೇರೆ ಮಾಡಬೇಕು. ನನಗೆ ಗೊತ್ತಿರುವ ಅತ್ಯಂತ ಸುಲಭದ ಪರೀಕ್ಷೆ ಫೋನಿನ ಹಾಟ್‌ಸ್ಪಾಟ್. ಕನ್ಸೋಲನ್ನು ಐದು ನಿಮಿಷ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ, ಅದೇ ಡೌನ್‌ಲೋಡ್ ರಿಸ್ಯೂಮ್ ಮಾಡಿ. ಫೋನಿನ ಡೇಟಾ ಕರಗುವ ಮುಂಚೆ ನಿಲ್ಲಿಸುವುದನ್ನು ಮರೆಯಬೇಡಿ! ಅಲ್ಲಿ ಸರಾಗವಾಗಿ ಇಳಿದರೆ ಕನ್ಸೋಲ್ ಚೆನ್ನಾಗಿದೆ, ಗೇಮ್ ಸರ್ವರೂ ಚೆನ್ನಾಗಿದೆ, ತಪ್ಪು ಮನೆಯ ರೌಟರ್ ಅಥವಾ ನೆಟ್ ಕೊಡುವವರ ಕಡೆ. ಅಲ್ಲೂ ಇಳಿಯದಿದ್ದರೆ ರೌಟರನ್ನು ಬಿಟ್ಟುಬಿಡಿ.

ರೌಟರಿನ ಕಡೆ ಅಂತಾದರೆ ಕೇಬಲ್ ಹಾಕಿ ನೋಡಿ. ವೈಫೈ ಗೋಡೆ ದಾಟಿ ಬರುವಾಗ ಏನಾಗುತ್ತದೆ ಅಂತ ಊಹಿಸುವುದಕ್ಕಿಂತ ಒಂದು ಲ್ಯಾನ್ ಕೇಬಲ್ ಎಳೆದು ನೋಡುವುದು ಬೇಗ. ಪಿಎಸ್5, ಎಕ್ಸ್‌ಬಾಕ್ಸ್ ಎರಡರಲ್ಲೂ ಹಿಂದೆ ಗಿಗಾಬಿಟ್ ಪೋರ್ಟ್ ಇದೆ. ಸ್ವಿಚ್ ಒಎಲ್‌ಇಡಿ ಮತ್ತು ಸ್ವಿಚ್ 2ರ ಡಾಕ್‌ನಲ್ಲಿ ಪೋರ್ಟ್ ಇದೆ, 2017ರ ಮೊದಲ ಸ್ವಿಚ್‌ಗೆ ಯುಎಸ್‌ಬಿ ಅಡಾಪ್ಟರ್ ಬೇಕು. ಕೇಬಲ್ ಆಗುವುದೇ ಇಲ್ಲ ಅಂದರೆ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್ ವೈಫೈ ಹಿಡಿಯಿರಿ. ರೌಟರ್ ದೂರ ಇದ್ದರೆ 5 ಬೇಗ ಸೋಲುತ್ತದೆ, ಆಗ ಕನ್ಸೋಲನ್ನು ಹತ್ತಿರ ತರುವುದು ಬಿಟ್ಟು ಬೇರೆ ಮಾಟಮಂತ್ರ ಇಲ್ಲ. ಟಿವಿ ಹಿಂದೆ, ಮರದ ಕಪಾಟಿನೊಳಗೆ ತುರುಕಿಟ್ಟ ಕನ್ಸೋಲಿಗೆ ಸಿಗ್ನಲ್ ಸಿಗದಿದ್ದರೆ ಅದರ ತಪ್ಪಲ್ಲ, ಅಲ್ವಾ?

"ಟೆಸ್ಟ್ ಮಾಡಿದರೆ ಸ್ಪೀಡ್ ಚೆನ್ನಾಗಿ ಬರುತ್ತೆ, ಗೇಮ್ ಮಾತ್ರ ನಿಧಾನ" ಅಂತ ಹೇಳುವವರೂ ಇದ್ದಾರೆ. ಇದು ಆಗುವಂಥದ್ದೇ. ಸ್ಪೀಡ್ ಟೆಸ್ಟ್ ಮಾತಾಡುವ ಸರ್ವರ್ ಬೇರೆ, ಗೇಮ್ ಬರುವ ಸರ್ವರ್ ಬೇರೆ. ಗೇಮಿನ ಪ್ರತಿಗಳು ಜಗತ್ತಿನ ಬೇರೆ ಬೇರೆ ಕಡೆ ಇಟ್ಟಿರುತ್ತಾರೆ, ನಿಮ್ಮನ್ನು ಯಾವ ಪ್ರತಿಯ ಕಡೆ ಕಳಿಸಬೇಕು ಅಂತ ತೀರ್ಮಾನವಾಗುವಾಗ ಡಿಎನ್‌ಎಸ್‌ಗೂ (ಸರ್ವರಿನ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಪಾತ್ರ ಇರುತ್ತದೆ. ಹಾಗಾಗಿ ಡಿಎನ್‌ಎಸ್ ಅನ್ನು 1.1.1.1 ಅಥವಾ 8.8.8.8 ಅಂತ ಬದಲಿಸಿದಾಗ ಕೆಲವರಿಗೆ ವೇಗ ಜಾಸ್ತಿ ಆಗುತ್ತದೆ, ಕೆಲವರಿಗೆ ಕಡಿಮೆಯೇ ಆಗುತ್ತದೆ. ಡಿಎನ್‌ಎಸ್ ಬದಲಿಸಿದರೆ ನೆಟ್ ರಾಕೆಟ್ ವೇಗ ಆಗಿಬಿಡುತ್ತದೆ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಒಮ್ಮೆ ನೋಡಿ, ಆಗದಿದ್ದರೆ ಆಟೋಮ್ಯಾಟಿಕ್‌ಗೆ ವಾಪಸ್ ಇಡಿ.

ಡೌನ್‌ಲೋಡ್ ಶುರುವೇ ಆಗುವುದಿಲ್ಲ, ಸ್ಟೋರ್ ಕೂಡ ತೆರೆಯುವುದಿಲ್ಲ ಅಂದರೆ ಎರಡು ಸಣ್ಣ ವಿಷಯ ನೋಡಿ. ಒಂದು, ಕನ್ಸೋಲಿನ ತಾರೀಕು ಮತ್ತು ಸಮಯ. ತುಂಬಾ ದಿನ ಪ್ಲಗ್ ತೆಗೆದಿಟ್ಟ ಕನ್ಸೋಲಿನ ಗಡಿಯಾರ ತಪ್ಪಿರಬಹುದು, ಗಡಿಯಾರ ತಪ್ಪಿದ್ದರೆ ಸರ್ವರಿನ ಭದ್ರತಾ ಪ್ರಮಾಣಪತ್ರ "ಅವಧಿ ಮುಗಿದಿದೆ" ಅಂತ ಕನ್ಸೋಲಿಗೆ ಕಂಡು ಅದು ಸಂಪರ್ಕವನ್ನೇ ಬೇಡ ಅನ್ನುತ್ತದೆ. ಎರಡು, ಸಿಸ್ಟಂ ಸಾಫ್ಟ್‌ವೇರ್ ಹಳೆಯದಾ ಅಂತ. ಮೊದಲು ಅದನ್ನು ಅಪ್‌ಡೇಟ್ ಮಾಡಿ, ಆಮೇಲೆ ಗೇಮ್.

ಎಲ್ಲ ಸರಿ ಇದ್ದೂ ಆಗುತ್ತಿಲ್ಲವಾ? ಕಂಪನಿಯ ಸರ್ವರೇ ಮಲಗಿರಬಹುದು. 2025ರ ಫೆಬ್ರವರಿ 7ರಂದು ಪ್ಲೇಸ್ಟೇಷನ್ ನೆಟ್‌ವರ್ಕ್ ಬಿದ್ದಾಗ ಸರಿಹೋಗಲು ಸುಮಾರು ಒಂದು ದಿನ ಹಿಡಿಯಿತು. 2011ರ ಏಪ್ರಿಲ್‌ನಲ್ಲಿ ಇದೇ ನೆಟ್‌ವರ್ಕ್ ಮೂರು ವಾರಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಕನ್ಸೋಲ್ ರೀಸೆಟ್ ಮಾಡಿ ಕೂರುವುದು ತಲೆನೋವಿಗೆ ಕಾಲಿಗೆ ಎಣ್ಣೆ ತಿಕ್ಕಿದ ಹಾಗೆ. ಮೂರೂ ಕಂಪನಿಗಳಿಗೆ ಸ್ಟೇಟಸ್ ಪುಟ ಇದೆ, ರೀಸೆಟ್ ಯೋಚನೆಗೆ ಮುಂಚೆ ಅದನ್ನು ಫೋನಿನಲ್ಲಿ ತೆರೆದು ನೋಡಿ.

ಜಾಗ ಇದೆ ಅಂತ ತೋರಿಸುತ್ತೆ, ಆದ್ರೂ ಜಾಗ ಇಲ್ಲ ಅಂತೆ

ಇದು ನನ್ನ ಇಷ್ಟದ ವಿಷಯ, ಯಾಕೆಂದರೆ ಇಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ ಮತ್ತು ಆ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವೂ ಇದೆ. ಡಬ್ಬಿಯ ಮೇಲಿನ ಅಂಕಿ ಬೇರೆ, ಸಿಗುವ ಜಾಗ ಬೇರೆ. ಮೊದಲ ಪಿಎಸ್5ರಲ್ಲಿ 825 ಜಿಬಿ ಅಂತ ಇತ್ತು, ಗೇಮಿಗೆ ಸಿಕ್ಕಿದ್ದು ಸುಮಾರು 667. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 1 ಟಿಬಿಯಲ್ಲಿ ಸುಮಾರು 802. ಸೀರೀಸ್ ಎಸ್‌ನ 512ರಲ್ಲಿ ಸುಮಾರು 364 ಮಾತ್ರ, ಅಂದರೆ ಮೂರು ದೊಡ್ಡ ಗೇಮ್ ಹಾಕಿದರೆ ಮುಗೀತು. ಮೊದಲ ಸ್ವಿಚ್‌ನ ಒಳಗಿನ ಜಾಗ ಒಟ್ಟು 32 ಜಿಬಿ, ಅದರಲ್ಲೂ ಸಿಸ್ಟಮ್ಮಿನ ಪಾಲು ಕಳೆಯಬೇಕು.

ಆದರೆ ನಿಜವಾದ ಗೊಂದಲ ಬರುವುದು ಅಪ್‌ಡೇಟಿನಲ್ಲಿ. ಅಪ್‌ಡೇಟ್ 5 ಜಿಬಿ, ಖಾಲಿ ಜಾಗ 30 ಜಿಬಿ, ಆದರೂ "ಜಾಗ ಸಾಲದು" ಅನ್ನುತ್ತದೆ. ಕನ್ಸೋಲಿಗೆ ಹುಚ್ಚು ಹಿಡಿದಿಲ್ಲ. ಹಳೆಯ ಫೈಲಿನ ಮೇಲೆ ನೇರವಾಗಿ ಬರೆಯುವ ಬದಲು ಹೊಸ ಪ್ರತಿ ಕಟ್ಟಿ, ಅದು ಸರಿ ಇದೆ ಅಂತಾದ ಮೇಲೆ ಹಳೆಯದನ್ನು ತೆಗೆಯುವ ಪದ್ಧತಿ ಇದು. ಮಧ್ಯೆ ಕರೆಂಟ್ ಹೋದರೂ ಹಳೆಯ ಗೇಮ್ ಹಾಳಾಗಬಾರದು ಅಂತ. ಪಿಎಸ್4ರಲ್ಲಿ ಇದು ವಿಪರೀತ, ಗೇಮಿನಷ್ಟೇ ಗಾತ್ರದ ಇನ್ನೊಂದು ಖಾಲಿ ಜಾಗ ಕೇಳುವುದುಂಟು. ಹಾಗಾಗಿ 80 ಜಿಬಿ ಗೇಮಿನ ಸಣ್ಣ ಅಪ್‌ಡೇಟಿಗೆ ಅಷ್ಟೇ ಜಾಗ ತಾತ್ಕಾಲಿಕವಾಗಿ ಬಿಡಬೇಕಾಗಬಹುದು. ಬೇರೆ ಯಾವುದಾದರೂ ದೊಡ್ಡ ಗೇಮನ್ನು ಹೊರಗಿನ ಡ್ರೈವಿಗೆ ಸಾಗಿಸಿ, ಅಪ್‌ಡೇಟ್ ಮುಗಿದ ಮೇಲೆ ವಾಪಸ್ ತನ್ನಿ. ಸಾಗಿಸುವುದು ಮತ್ತೆ ಇಳಿಸುವುದಕ್ಕಿಂತ ಎಷ್ಟೋ ಬೇಗ.

ಹೊರಗಿನ ಡ್ರೈವ್ ಅಂದಾಗ ಇನ್ನೊಂದು ಗುಂಡಿ ಇದೆ, ಎಷ್ಟೋ ಜನ ಅದರಲ್ಲಿ ಬಿದ್ದಿದ್ದಾರೆ. ಪಿಎಸ್5 ಗೇಮನ್ನು ಯುಎಸ್‌ಬಿ ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು, ಅಲ್ಲಿಂದ ಆಡಲು ಆಗುವುದಿಲ್ಲ. ಪಿಎಸ್4 ಗೇಮ್ ಆದರೆ ಅಲ್ಲಿಂದಲೇ ಆಡಬಹುದು. ಎಕ್ಸ್‌ಬಾಕ್ಸಿನಲ್ಲೂ ಹೀಗೇ: ಸೀರೀಸ್ ಎಕ್ಸ್ ಮತ್ತು ಎಸ್‌ಗೆಂದೇ ಮಾಡಿದ ಗೇಮ್ ಒಳಗಿನ ಸ್ಟೋರೇಜ್ ಅಥವಾ ಹಿಂದೆ ಸಿಕ್ಕಿಸುವ ಎಕ್ಸ್‌ಪಾನ್ಷನ್ ಕಾರ್ಡಿನಿಂದ ಮಾತ್ರ ಓಡುತ್ತದೆ, ಹಳೆಯ ಎಕ್ಸ್‌ಬಾಕ್ಸ್ ಒನ್ ಗೇಮ್ ಯುಎಸ್‌ಬಿಯಿಂದಲೂ ಓಡುತ್ತದೆ. ಹಾಗಾಗಿ "ಇನ್‌ಸ್ಟಾಲ್ ಆಗಿದೆ, ತೆರೆಯುತ್ತಿಲ್ಲ" ಅಂದಾಗ ಗೇಮ್ ಎಲ್ಲಿ ಕೂತಿದೆ ಅಂತ ಮೊದಲು ನೋಡಿ.

ಪಿಎಸ್5 ಡ್ರೈವನ್ನು ಒಪ್ಪದಿದ್ದರೆ ಸಿಕ್ಕಿಸಿದ ಜಾಗ ಬದಲಿಸಿ. ಮೊದಲ ಮಾದರಿಯ ಮುಂಭಾಗದಲ್ಲಿರುವ ಅಗಲದ ಯುಎಸ್‌ಬಿ ತೂತು ನಿಧಾನದ್ದು. ಹಿಂದಿನ ಎರಡರಲ್ಲಿ ಒಂದಕ್ಕೆ ಹಾಕಿ. ಯುಎಸ್‌ಬಿ ಹಬ್ ಮೂಲಕ ಹಾಕಬೇಡಿ, ಅದು ನಡೆಯುವುದಿಲ್ಲ. ಡ್ರೈವ್ ಕನಿಷ್ಠ 250 ಜಿಬಿ ಇರಬೇಕು. ಎಕ್ಸ್‌ಬಾಕ್ಸಿಗೆ 128 ಜಿಬಿ ಮತ್ತು ಯುಎಸ್‌ಬಿ 3.0 ಸಾಕು.

ಪಿಎಸ್5 ಒಳಗೆ ಜಾಗ ಹೆಚ್ಚಿಸಲು ಎಂ.2 ಎಸ್‌ಎಸ್‌ಡಿ ಹಾಕಿಸಿದ ಮೇಲೆ ಇನ್‌ಸ್ಟಾಲ್ ಕೈಕೊಡಲು ಶುರುವಾಯಿತು ಅಂದರೆ, ಹೊಸದಾಗಿ ಬಂದಿದ್ದು ಅದೇ, ಹಾಗಾಗಿ ಅನುಮಾನವೂ ಅದರ ಮೇಲೇ. ಗೇಮನ್ನು ಒಳಗಿನ ಸ್ಟೋರೇಜಿಗೆ ಹಾಕಿ ನೋಡಿ. ಅಲ್ಲಿ ಸರಿ ಹೋದರೆ ಎಂ.2 ತೆಗೆದು ಮತ್ತೆ ಸರಿಯಾಗಿ ಕೂರಿಸಿ, ಸ್ಕ್ರೂ ಬಿಗಿ ಇದೆಯಾ ನೋಡಿ, ಹೀಟ್‌ಸಿಂಕ್ ಇದೆಯಾ ನೋಡಿ. ಹೀಟ್‌ಸಿಂಕ್ ಅಲಂಕಾರಕ್ಕಲ್ಲ, ಬಿಸಿ ಹೊರಹಾಕಲು, ಅದು ಇರಲೇಬೇಕು. ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ದಾಟಬಾರದು. ವೇಗ ಸೆಕೆಂಡಿಗೆ 5,500 ಮೆಗಾಬೈಟ್ ಇದ್ದರೆ ಒಳ್ಳೆಯದು ಅಂತ ಸೋನಿಯೇ ಹೇಳುತ್ತದೆ.

ಡಿಸ್ಕ್ ಹಾಕಿದರೂ ಇಷ್ಟು ಹೊತ್ತಾ?

ಡಿಸ್ಕ್ ಇದ್ದರೆ ಹಾಕಿ ಆಡುವುದು ಅನ್ನುವ ಕಾಲ ಹೋಯಿತು. ಈಗ ಡಿಸ್ಕ್ ಅಂದರೆ ಗೇಮಿನ ಒಂದು ಪ್ರತಿ ಮತ್ತು ಒಂದು ಕೀಲಿ. ಪೂರ್ತಿ ಡೇಟಾ ಒಳಗೆ ಕಾಪಿ ಆಗಲೇಬೇಕು, ಆಡುವಾಗ ಡಿಸ್ಕ್ ಒಳಗೆ ಇರಲೇಬೇಕು. ಕೆಲವು ಡಿಸ್ಕಿನಲ್ಲಿ ಗೇಮಿನ ಸ್ವಲ್ಪ ಭಾಗ ಮಾತ್ರ ಇರುತ್ತದೆ, ಉಳಿದದ್ದು ನೆಟ್ಟಿನಿಂದ. ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಅಂತ ಬಂದಿದೆ, ಅದರಲ್ಲಿ ಕೀಲಿ ಮಾತ್ರ, ಗೇಮೇ ಇಲ್ಲ, ಪೂರ್ತಿ ಇಳಿಸಿಕೊಳ್ಳಬೇಕು. ಡಬ್ಬಿಯ ಮುಂದೆ ಬರೆದಿರುತ್ತದೆ, ಓದದೆ ಕೊಂಡರೆ ಆಮೇಲೆ ಬೇಜಾರು.

ಡಿಸ್ಕಿನ ಇನ್‌ಸ್ಟಾಲ್ ಮಧ್ಯದಲ್ಲಿ ನಿಂತರೆ ನಾನು ಮೊದಲು ಮಾಡುವುದು ನೆಟ್ ಕಿತ್ತುಹಾಕುವುದು. ಕೇಳಲು ವಿಚಿತ್ರ, ಆದರೆ ಕಾರಣ ಇದೆ. ಡಿಸ್ಕ್ ಹಾಕಿದ ಕೂಡಲೇ ಒಂದು ಕಡೆ ಕಾಪಿ ಶುರುವಾಗುತ್ತದೆ, ಇನ್ನೊಂದು ಕಡೆ ಅದೇ ಗೇಮಿನ ಅಪ್‌ಡೇಟ್ ಇಳಿಯಲು ಶುರುವಾಗುತ್ತದೆ, ಎರಡೂ ಒಂದಕ್ಕೊಂದು ಅಡ್ಡ ಬಂದು ಎರಡೂ ನಿಲ್ಲುವುದುಂಟು. ಅಪ್‌ಡೇಟ್ ಕ್ಯಾನ್ಸಲ್ ಮಾಡಿ, ಅರ್ಧ ಆದ ಇನ್‌ಸ್ಟಾಲನ್ನೂ ಕ್ಯಾನ್ಸಲ್ ಮಾಡಿ, ಕನ್ಸೋಲನ್ನು ಆಫ್‌ಲೈನ್ ಮಾಡಿ, ರೀಸ್ಟಾರ್ಟ್ ಮಾಡಿ, ಡಿಸ್ಕ್ ಹಾಕಿ ಕಾಪಿ ಪೂರ್ತಿ ಮುಗಿಯಲು ಬಿಡಿ. ಮುಗಿದ ಮೇಲೆ ನೆಟ್ ಕೊಡಿ, ಅಪ್‌ಡೇಟ್ ಬರುತ್ತದೆ. ಎಕ್ಸ್‌ಬಾಕ್ಸಿನಲ್ಲಿ "ಇನ್‌ಸ್ಟಾಲೇಷನ್ ಸ್ಟಾಪ್ಡ್" ಅಂತ ಬಂದಾಗಲೂ ಇದೇ ಉಪಾಯ. ಅಲ್ಲಿ ಇನ್ನೊಂದು ಕೆಲಸವೂ ಮಾಡಬಹುದು: ಬ್ಲೂ-ರೇ ಸೆಟ್ಟಿಂಗ್ಸ್‌ನಲ್ಲಿ ಪರ್ಸಿಸ್ಟೆಂಟ್ ಸ್ಟೋರೇಜ್ ಅಂತ ಇದೆ, ಕ್ಲಿಯರ್ ಮಾಡಿ. ಗೇಮಿಗೂ ಸೇವಿಗೂ (ಆಟ ಎಲ್ಲಿವರೆಗೆ ಬಂತು ಅನ್ನುವ ದಾಖಲೆ) ಅದರಿಂದ ಏನೂ ಆಗುವುದಿಲ್ಲ.

ಪಿಎಸ್5ರಲ್ಲಿ ಸಿಇ-100005-6 ಅಂತ ಬಂದರೆ ಡಿಸ್ಕ್ ಓದಲು ಆಗುತ್ತಿಲ್ಲ ಅಂತ ಅರ್ಥ. ಮೆತ್ತನೆಯ ಒಣ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆ ನೇರವಾಗಿ ಒರೆಸಿ. ಗುಂಡಗೆ ತಿರುಗಿಸಿ ಒರೆಸಬೇಡಿ. ಡೇಟಾ ಇರುವುದು ಸುತ್ತುಸುತ್ತಾಗಿ, ಅದೇ ದಿಕ್ಕಿನಲ್ಲಿ ಗೀರು ಬಿದ್ದರೆ ಒಂದೇ ಕಡೆ ತುಂಬಾ ಡೇಟಾ ಹೋಗುತ್ತದೆ. ಆಮೇಲೆ ಬೇರೆ ಡಿಸ್ಕ್ ಹಾಕಿ ನೋಡಿ. ಬೇರೆಯದು ಓದಿದರೆ ಡಿಸ್ಕಿನ ತಪ್ಪು, ಯಾವುದೂ ಓದದಿದ್ದರೆ ಡ್ರೈವಿನ ತಪ್ಪು. ಎರಡು ಡಿಸ್ಕಿನಲ್ಲಿ ಬರುವ ಗೇಮ್‌ಗಳೂ ಇವೆ. ಡೇಟಾ ಅಂತ ಬರೆದದ್ದನ್ನು ಮೊದಲು ಹಾಕಬೇಕು, ಪ್ಲೇ ಅಂತ ಬರೆದದ್ದನ್ನು ಆಮೇಲೆ.

ಪಿಎಸ್4 ಡಿಸ್ಕನ್ನು ಪಿಎಸ್5ಗೆ ಹಾಕಿದವರು ಇದನ್ನೂ ನೋಡಿ. ಕೆಲವು ಗೇಮ್‌ಗಳಿಗೆ ಎರಡು ಆವೃತ್ತಿ ಇರುತ್ತವೆ. ಡಿಸ್ಕಿನಿಂದ ಪಿಎಸ್4 ಆವೃತ್ತಿ ತಾನಾಗಿ ಕಾಪಿ ಆಗುತ್ತಿರುತ್ತದೆ, ನಾವು ಸ್ಟೋರಿನಿಂದ ಪಿಎಸ್5 ಆವೃತ್ತಿ ಇಳಿಸುತ್ತಿರುತ್ತೇವೆ, ಎರಡೂ ಸೇರಿ ಜಾಗ ತಿಂದುಹಾಕುತ್ತವೆ. ನನ್ನ ತಮ್ಮ ಒಂದು ವಾರ ಪಿಎಸ್4 ಆವೃತ್ತಿಯನ್ನೇ ಆಡಿಕೊಂಡು "ಹೊಸ ಕನ್ಸೋಲಲ್ಲೂ ಲೋಡಿಂಗ್ ಇಷ್ಟೇನಾ" ಅಂತ ಗೊಣಗುತ್ತಿದ್ದ. ಗೇಮಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಯಾವ ಆವೃತ್ತಿ ಅಂತ ಕಾಣುತ್ತದೆ.

ಮೂರು ಸಲ ಇಳಿಸಿದ ಕಥೆ

ಇದು ಸ್ವಿಚ್‌ನದು. ಒಂದು ದೊಡ್ಡ ಮೈಕ್ರೊಎಸ್‌ಡಿ ಕಾರ್ಡ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಹಾಕಿಕೊಂಡೆ. ಮೊದಲ ನಾಲ್ಕೈದು ಗೇಮ್ ಹೂವಿನ ಹಾಗೆ ಇಳಿದವು. ಆರನೆಯದು ಪೂರ್ತಿ ಇಳಿದು ತೆರೆಯುವ ಹೊತ್ತಿಗೆ "ಡೇಟಾ ಕೆಟ್ಟಿದೆ" ಅಂತು. ಡಿಲೀಟ್ ಮಾಡಿದೆ, ಇಳಿಸಿದೆ, ಅದೇ. ಮತ್ತೆ ಮಾಡಿದೆ, ಅದೇ. ಮೂರನೇ ಸಲ ಸುಮ್ನೆ ಕುತೂಹಲಕ್ಕೆ ಹಳೆಯ ಗೇಮ್ ತೆರೆದರೆ ಅದೂ ಕೆಟ್ಟಿದೆ! ನಿನ್ನೆವರೆಗೆ ಚೆನ್ನಾಗಿದ್ದದ್ದು.

ಆಗ ಹೊಳೆಯಿತು. ಕಾರ್ಡ್ ನಕಲಿ. ನಕಲಿ ಕಾರ್ಡಿನ ಒಳಗೆ ಇರುವುದು ಸಣ್ಣ ಚಿಪ್, ಆದರೆ ಕೇಳಿದವರಿಗೆಲ್ಲ "ನನ್ನಲ್ಲಿ ಇಷ್ಟು ಜಾಗ ಇದೆ" ಅಂತ ದೊಡ್ಡ ಅಂಕಿ ಹೇಳುವ ಹಾಗೆ ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸುಸೂತ್ರ. ತುಂಬಿದ ಮೇಲೆ ಹೊಸ ಡೇಟಾ ಹಳೆಯದರ ಮೇಲೇ ಬರೆದುಕೊಳ್ಳುತ್ತದೆ, ಇಲ್ಲವೇ ಎಲ್ಲೂ ಬರೆಯದೆ ಬರೆದೆ ಅನ್ನುತ್ತದೆ. ಹಾಗಾಗಿ ಇದರ ಲಕ್ಷಣ ಒಂದೇ ತರ: ಆರಂಭದಲ್ಲಿ ಸರಿ, ಆಮೇಲೆ ಇಳಿಯುವುದೆಲ್ಲ ಹಾಳು, ಜೊತೆಗೆ ಹಳೆಯದೂ ಹಾಳು. ಇಂಥದ್ದಕ್ಕೆ ಗೇಮನ್ನು ನೂರು ಸಲ ಇಳಿಸಿದರೂ ಫಲವಿಲ್ಲ.

ಪರೀಕ್ಷೆ ಮಾಡಲು ಕಾರ್ಡನ್ನು ಕಂಪ್ಯೂಟರಿಗೆ ಹಾಕಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇವೆ. ಕಾರ್ಡಿನ ತುಂಬಾ ಬರೆದು, ವಾಪಸ್ ಓದಿ, ಬರೆದದ್ದೇ ಇದೆಯಾ ಅಂತ ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ. ಕಾರ್ಡ್ ಖಾಲಿ ಇರುವಾಗ ಮಾಡಿದರೆ ಒಳ್ಳೆಯದು, ಹೊಸ ಕಾರ್ಡ್ ಕೊಂಡ ದಿನವೇ ಮಾಡಿದರೆ ಇನ್ನೂ ಒಳ್ಳೆಯದು. ನಾನು ಆಗ ಮಾಡಿರಲಿಲ್ಲ, ಈಗ ಪೆನ್‌ಡ್ರೈವಿಗೂ ಮಾಡುತ್ತೇನೆ.

ಕಂಪ್ಯೂಟರ್ ಇಲ್ಲದಿದ್ದರೆ ಸ್ವಿಚ್‌ನಲ್ಲೇ ಸುಲಭದ ದಾರಿ ಇದೆ. ಗೇಮಿನ ಮೇಲೆ ನಿಂತು ಪ್ಲಸ್ ಬಟನ್ ಒತ್ತಿ, ಕೆಟ್ಟ ಡೇಟಾ ಇದೆಯಾ ನೋಡುವ ಆಯ್ಕೆ ಕೊಡಿ. ಕೆಟ್ಟಿದೆ ಅಂದರೆ ಆ ಗೇಮನ್ನು ಕಾರ್ಡಿನ ಬದಲು ಒಳಗಿನ ಮೆಮೊರಿಗೆ ಇಳಿಸಿ. ಅಲ್ಲಿ ಸರಿಯಾಗಿ ನಡೆದರೆ ತಪ್ಪು ಕಾರ್ಡಿನದು, ಮುಗೀತು. ಕಾರ್ಡ್ ಫಾರ್ಮ್ಯಾಟ್ ಮಾಡಲು ಹೆದರಬೇಡಿ, ಸ್ವಿಚ್‌ನ ಸೇವ್ ಯಾವತ್ತೂ ಕಾರ್ಡಿನಲ್ಲಿ ಇರುವುದಿಲ್ಲ, ಕನ್ಸೋಲಿನ ಒಳಗೇ ಇರುತ್ತದೆ. ಸ್ವಿಚ್ 2 ಕೊಂಡವರು ಹಳೆಯ ಕಾರ್ಡನ್ನು ಅದಕ್ಕೆ ಹಾಕಿ ಗೇಮ್ ಇಳಿಯುತ್ತಿಲ್ಲ ಅಂದರೆ ಅದು ದೋಷವಲ್ಲ. ಅದಕ್ಕೆ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು.

ಎಲ್ಲ ಇಳಿದಿದೆ, ಬೀಗ ಬಿದ್ದಿದೆ

ಗೇಮ್ ಇದೆ, ಬೀಗದ ಗುರುತಿದೆ, ಒತ್ತಿದರೆ ಸ್ಟೋರಿಗೆ ಹೋಗು ಅನ್ನುತ್ತದೆ. ಇದು ಲೈಸೆನ್ಸಿನ ತಕರಾರು, ಫೈಲಿನದ್ದಲ್ಲ. ಮೊದಲ ಪ್ರಶ್ನೆ: ಕೊಂಡ ಅಕೌಂಟ್ ಯಾವುದು, ಈಗ ತೆರೆದಿರುವ ಅಕೌಂಟ್ ಯಾವುದು? ಮನೆಯಲ್ಲಿ ಮೂರು ಜನ ಆಡುತ್ತಿದ್ದರೆ ಇದು ಬೆರಕೆ ಆಗುವುದು ಸಹಜ. ಎರಡನೆಯದು: ಗೇಮ್ ಕೊಂಡದ್ದಾ, ಸಬ್‌ಸ್ಕ್ರಿಪ್ಷನ್ನಿನಲ್ಲಿ ಬಂದದ್ದಾ? ಸಬ್‌ಸ್ಕ್ರಿಪ್ಷನ್ ಮುಗಿದಿದ್ದರೆ ಅದರ ಜೊತೆ ಬಂದ ಗೇಮಿಗೆ ಬೀಗ ಬೀಳುತ್ತದೆ.

ಎರಡೂ ಸರಿ ಇದ್ದರೆ ಪಿಎಸ್5ರಲ್ಲಿ ಸೆಟ್ಟಿಂಗ್ಸ್, ಯೂಸರ್ಸ್ ಆಂಡ್ ಅಕೌಂಟ್ಸ್, ಅದರ್ ಅಂತ ಹೋಗಿ ರಿಸ್ಟೋರ್ ಲೈಸೆನ್ಸಸ್ ಒತ್ತಿ. ಒಂದು ನಿಮಿಷದ ಕೆಲಸ, ಬಹಳ ಸಲ ಇಷ್ಟೇ ಸಾಕು. ಅಲ್ಲೇ ಕನ್ಸೋಲ್ ಶೇರಿಂಗ್ ಆಂಡ್ ಆಫ್‌ಲೈನ್ ಪ್ಲೇ ಆನ್ ಇದೆಯಾ ನೋಡಿ. ಎಕ್ಸ್‌ಬಾಕ್ಸಿನಲ್ಲಿ ಇದಕ್ಕೆ ಮೈ ಹೋಮ್ ಎಕ್ಸ್‌ಬಾಕ್ಸ್ ಅನ್ನುತ್ತಾರೆ. ನೆಟ್ ಇದ್ದಾಗ ತೆರೆಯುತ್ತದೆ, ನೆಟ್ ಹೋದರೆ ಬೀಗ ಬೀಳುತ್ತದೆ ಅಂದರೆ ಬಹುತೇಕ ಇದೇ ಕಾರಣ.

ಬಿಡುಗಡೆಗೆ ಮುಂಚೆ ಪ್ರೀಲೋಡ್ ಮಾಡಿದ ಗೇಮಿಗೆ ಬೀಗ ಇದ್ದರೆ ಕಾಯಬೇಕು, ಅಷ್ಟೇ. ಇನ್ನು ಆಡ್-ಆನ್ ಇಳಿದಿದೆ, ಗೇಮಿನೊಳಗೆ ಕಾಣುತ್ತಿಲ್ಲ ಅಂದರೆ ಪ್ಲೇಸ್ಟೇಷನ್‌ನಲ್ಲಿ ಡಿಸ್ಕಿನ ರೀಜನ್ ಮತ್ತು ಆಡ್-ಆನ್ ಕೊಂಡ ಸ್ಟೋರಿನ ರೀಜನ್ ಒಂದೇನಾ ನೋಡಿ. ಬೇರೆ ಬೇರೆ ಇದ್ದರೆ ಎರಡೂ ಸೇರುವುದಿಲ್ಲ, ಯಾವ ಸೆಟ್ಟಿಂಗಿನಿಂದಲೂ ಸೇರಿಸಲು ಆಗುವುದಿಲ್ಲ.

ಯಾವುದಕ್ಕೂ ಬಗ್ಗದಿದ್ದಾಗ

ಪಿಎಸ್5ರಲ್ಲಿ ಸೇಫ್ ಮೋಡ್ ಇದೆ. ಕನ್ಸೋಲ್ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಒತ್ತಿದಾಗ ಒಂದು ಬೀಪ್, ಸುಮಾರು ಏಳು ಸೆಕೆಂಡ್ ಆದ ಮೇಲೆ ಎರಡನೇ ಬೀಪ್, ಆಗ ಬಿಡಿ. ಕಂಟ್ರೋಲರನ್ನು ಕೇಬಲ್‌ನಲ್ಲಿ ಸಿಕ್ಕಿಸಿ, ಇಲ್ಲಿ ವೈರ್‌ಲೆಸ್ ನಡೆಯುವುದಿಲ್ಲ. ಐದನೇ ಆಯ್ಕೆಯೊಳಗೆ ಕ್ಯಾಶ್ (ತಾತ್ಕಾಲಿಕ ಡೇಟಾ) ಕ್ಲಿಯರ್ ಮಾಡುವುದು ಮತ್ತು ಡೇಟಾಬೇಸ್ ರೀಬಿಲ್ಡ್ ಮಾಡುವುದು ಅಂತ ಎರಡಿವೆ. ಮೊದಲು ಕ್ಯಾಶ್, ಆಮೇಲೆ ರೀಬಿಲ್ಡ್. ರೀಬಿಲ್ಡ್ ಅಂದರೆ ಒಳಗೆ ಏನೇನಿದೆ ಅನ್ನುವ ಪಟ್ಟಿಯನ್ನು ಹೊಸದಾಗಿ ಬರೆಯುವುದು, ಗೇಮ್ ಅಳಿಸುವುದಿಲ್ಲ. ಗೇಮ್ ತೆರೆಯುವಾಗ ಸಿಇ-108255-1 ಅಂತ ಪದೇ ಪದೇ ಬರುತ್ತಿದ್ದರೆ, ಗೇಮ್ ಡಿಲೀಟ್ ಮಾಡುವ ಮುಂಚೆ ಇದನ್ನು ಮಾಡಿ ನೋಡಿ. ಆರು ಮತ್ತು ಏಳನೇ ಆಯ್ಕೆಗಳ ಹತ್ತಿರ ಕೈ ಹೋಗದಂತೆ ನೋಡಿಕೊಳ್ಳಿ, ಅವು ಎಲ್ಲ ಅಳಿಸುತ್ತವೆ.

ಅಳಿಸಲೇಬೇಕು ಅನ್ನುವ ಸ್ಥಿತಿ ಬಂದರೆ ಸೇವ್ ಮೊದಲು ಉಳಿಸಿಕೊಳ್ಳಿ. ಪಿಎಸ್5 ಗೇಮಿನ ಸೇವ್ ಪೆನ್‌ಡ್ರೈವಿಗೆ ಬರುವುದಿಲ್ಲ, ಪಿಎಸ್ ಪ್ಲಸ್ (ಸೋನಿಯ ದುಡ್ಡಿನ ಸಬ್‌ಸ್ಕ್ರಿಪ್ಷನ್) ಇದ್ದರೆ ಕ್ಲೌಡಿಗೆ ಮಾತ್ರ. ಪಿಎಸ್4 ಗೇಮಿನದು ಯುಎಸ್‌ಬಿಗೂ ಬರುತ್ತದೆ. ಎಕ್ಸ್‌ಬಾಕ್ಸ್ ಸೇವನ್ನು ತಾನೇ ಕ್ಲೌಡಿಗೆ ಕಳಿಸುತ್ತದೆ, ದುಡ್ಡು ಬೇಡ. ಎಕ್ಸ್‌ಬಾಕ್ಸಿನ ರೀಸೆಟ್‌ನಲ್ಲಿ ಗೇಮ್ ಮತ್ತು ಆ್ಯಪ್ ಉಳಿಸಿಕೊಂಡು ರೀಸೆಟ್ ಮಾಡುವ ಆಯ್ಕೆಯೂ ಇದೆ, ಮೊದಲು ಅದನ್ನೇ ಒತ್ತಿ.

ರೀಸೆಟ್ ಆದ ಮೇಲೆ ಹಳೆಯ ದೊಡ್ಡ ಗೇಮನ್ನೇ ಮತ್ತೆ ಇಳಿಸಲು ಹೋಗಬೇಡಿ. ಒಂದೆರಡು ಜಿಬಿಯ ಯಾವುದಾದರೂ ಪುಕ್ಕಟೆ ಗೇಮನ್ನು ಕೇಬಲ್ ನೆಟ್ಟಿನಲ್ಲಿ, ಒಳಗಿನ ಸ್ಟೋರೇಜಿಗೆ ಇಳಿಸಿ ನೋಡಿ. ಅದೂ ಕೆಟ್ಟರೆ ಒಳಗಿನ ಎಸ್‌ಎಸ್‌ಡಿಗೋ ಬೋರ್ಡಿಗೋ ಏಟು ಬಿದ್ದಿರಬಹುದು, ಮನೆಯಲ್ಲಿ ಮಾಡುವ ಕೆಲಸ ಅಲ್ಲಿಗೆ ಮುಗೀತು. ವಾರಂಟಿ ಇದೆಯಾ ನೋಡಿ, ಎರರ್ ಕೋಡಿನ ಫೋಟೋ ಮತ್ತು ಯಾವ ಹಂತದಲ್ಲಿ ನಿಲ್ಲುತ್ತದೆ ಅನ್ನುವುದನ್ನು ಬರೆದು ಸರ್ವಿಸಿನವರಿಗೆ ಕೊಡಿ. ಕೊಡುವ ಮುಂಚೆ ಒಳಗಿರುವ ಡಿಸ್ಕ್ ತೆಗೆಯಿರಿ, ನೀವೇ ಹಾಕಿದ ಎಂ.2 ಇದ್ದರೆ ಅದನ್ನೂ ಬಿಚ್ಚಿಟ್ಟುಕೊಳ್ಳಿ.